ಕುಮ್ಕಿಯ ಮನೆ

ಕುಮ್ಮಕ್ಕು ಎಂಬ ಮಾತಿಗೆ ಈಗ ಒಳ್ಳೆಯ ಹೆಸರಿಲ್ಲ; ಕೇಡಿಗೆ ಕೊಡುವ ಬೆಂಬಲಕ್ಕಷ್ಟೇ ಅದು ಮೀಸಲಾಗಿದೆ. ಅದರ ಮೂಲವಾದ ಪಾರಸಿಯ ‘ಕುಮಕ್’ ಪಾಪ, ನೆರವು ಎಂದಷ್ಟೇ ಹೇಳುತ್ತದೆ. ಕಾಡಾನೆಯನ್ನು ಪಳಗಿಸಲು ನೆರವಾಗುವ ಸಾಕಾನೆ ಕುಮ್ಕಿ ಆನೆಯಾಯಿತು. ನಮ್ಮ ಉಡುಪಿ, ಕಾಪು, ಕಾರ್ಕಳದ ಕಡೆ ಗದ್ದೆಗೆ ನೆರವಾಗುವ ಗುಡ್ಡ ಕುಮ್ಕಿ ಜಮೀನಾಯಿತು.

ಕಟ್ಟಳೆ ಮದರಾಸು ಸರ್ಕಾರದ ಕಾಲದ್ದು. ಫಸಲಿ 1276, ಎಂದರೆ 1866-67ರೊಳಗೆ ಏರ್ಪಟ್ಟ ಕದೀಂ ವರ್ಗದ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಬಂಜರಿನಲ್ಲಿ ವರ್ಗದಾರನು ಸೊಪ್ಪು, ಸೌದೆ ತರಬಹುದು. ಸೊಪ್ಪು ರೈತನದು, ಮಣ್ಣು ಸರ್ಕಾರದ್ದು. 1964ರ ಭೂಕಂದಾಯ ಕಾಯಿದೆಯ 79ನೆಯ ಕಲಮೂ ಇದನ್ನು ಸವಲತ್ತೆಂದೇ ಉಳಿಸಿತು, ಒಡೆತನವೆನ್ನಲಿಲ್ಲ. 1974ರ ಭೂಸುಧಾರಣೆ ಗೇಣಿಗದ್ದೆಯನ್ನು ಉಳುವವನಿಗೆ ಕೊಟ್ಟಿತು. ಧಣಿಯದೇ ಅಲ್ಲದ ಗುಡ್ಡವನ್ನು ಕೊಡುವುದು ಹೇಗೆ?

ಆದರೆ ಗುಡ್ಡದಲ್ಲಿ ಸೊಪ್ಪಷ್ಟೇ ಚಿಗುರಲಿಲ್ಲ. ಕೆಲವೆಡೆ ವರ್ಗದಾರನೇ, ಕೆಲವೆಡೆ ಅವನ ಒಕ್ಕಲು, ಮನೆ ಕಟ್ಟಿದರು, ಬಾವಿ ತೋಡಿದರು, ಗೇರು, ತೆಂಗು ನೆಟ್ಟರು, ದೈವದ ಕಟ್ಟೆಯೂ ಎದ್ದಿತು. ತಲೆಮಾರುಗಳು ಅಲ್ಲಿಯೇ ಹುಟ್ಟಿ ಸತ್ತರೂ ಕಡತದಲ್ಲಿ ಅದು ಬಂಜರು. ಬೋಳುಗುಡ್ಡವಾಗಿದ್ದ ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲಂತೂ ನಮ್ಮ ಬಂಜರಿಗೂ ಬೆಲೆ ಬಂತು.

ಬಂಜರು ಎಂಬ ಒಂದು ಪದ ಏನು ಮಾಡಬಲ್ಲುದೆಂದು ತಿಳಿಯಲು ಪ್ಯಾಲೆಸ್ಟೈನಿನ ಪಶ್ಚಿಮ ದಂಡೆಯತ್ತ ನೋಡಬೇಕು. ಎಲೋನ್ ಮೋರೆ ಎಂಬ ಸಣ್ಣ ಇಸ್ರೇಲಿ ವಸಾಹತಿಗಾಗಿ ಅರಬರ ಖಾಸಗಿ ಜಮೀನನ್ನು ಸೈನ್ಯ ವಶಪಡಿಸಿಕೊಂಡದ್ದು ಸಲ್ಲದೆಂದು 1979ರಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವೇ ತೀರ್ಪಿತ್ತಿತು. ಆಮೇಲೆ ಅಲ್ಲಿಯ ಸರ್ಕಾರ ಉಸ್ಮಾನೀ ತುರ್ಕರ 1858ರ ಭೂಶಾಸನವನ್ನು ಬಿಚ್ಚಿತು. ಸಾಗುವಳಿಯಿಲ್ಲದ ಗುಡ್ಡಗಳು ಅದರ ಬಲದಿಂದ ‘ರಾಜ್ಯದ ನೆಲ’ವೆನಿಸಿದವು, ವಸಾಹತುಗಳು ಎದ್ದವು. ಅವು ಅಂತಾರಾಷ್ಟ್ರೀಯ ಕಾನೂನಿಗೆ ವಿರುದ್ಧವೆಂದು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯ 2004ರಲ್ಲೂ 2024ರಲ್ಲೂ ಅಭಿಪ್ರಾಯವಿತ್ತಿದೆ, ಇಸ್ರೇಲ್ ಒಪ್ಪಿಲ್ಲ.

ಹೋಲಿಕೆಯನ್ನು ಬಹುದೂರ ಎಳೆಯಲಾರೆ. ಅಲ್ಲಿ ನೆಲೆಸಿದವರು ಯುದ್ಧದಲ್ಲಿ ಗೆದ್ದ ರಾಜ್ಯದ ಪ್ರಜೆಗಳು. ಇಲ್ಲಿಯವರು ಇದೇ ಊರಿನವರು. ಆದರೂ ಹತ್ತೊಂಬತ್ತನೆಯ ಶತಮಾನದ ಎರಡು ಸರ್ಕಾರಗಳು ನೇಗಿಲು ತಾಗದ ನೆಲವನ್ನು ಒಂದೇ ಕಣ್ಣಿನಿಂದ ನೋಡಿದುವೆಂದು ನನಗೆ ತೋರುತ್ತದೆ. ನಮ್ಮಲ್ಲಿ ಸೊಪ್ಪಾದರೂ ಲೆಕ್ಕಕ್ಕೆ ಬಂತು. ಸೊಪ್ಪು ಹೊತ್ತು ತಂದವಳು ಬರಲಿಲ್ಲ. ಇಂದು ಅವಳ ಮೊಮ್ಮಗ ಮನೆಯಡಿಗೆ ಹಕ್ಕುಪತ್ರ ಕೇಳಿದರೆ ವರ್ಗದಾರನ ಮೊಮ್ಮಗ ತಕರಾರು ಹೂಡುತ್ತಾನೆ. ಆಗ ವಾದ ನಡೆಯುವುದು ಬಾವಿಯ ಆಳದ ಮೇಲಲ್ಲ, ತೆಂಗಿನ ವಯಸ್ಸಿನ ಮೇಲೂ ಅಲ್ಲ. ಆ 100 ಗಜವನ್ನು ಯಾವ ಕಲ್ಲಿನಿಂದ ಅಳೆಯಬೇಕೆಂಬುದರ ಮೇಲೆ.