ಕೆರೆಯ ಕೆಳಗಿನ ತೋಟ



ಸ್ವಿಟ್ಜರ್‌ಲೆಂಡಿನ ಜಿನೀವಾ ಸರೋವರದ ದಂಡೆಯಲ್ಲಿ ಲಾವೋ ಎಂಬ ಪ್ರದೇಶವಿದೆ. ಕಡಿದಾದ ಇಳಿಜಾರಿನಲ್ಲಿ ಕಲ್ಲುಗೋಡೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಮದ್ಯದ ದ್ರಾಕ್ಷಿಯನ್ನು ಅಲ್ಲಿ ಬೆಳೆಯುತ್ತಾರೆ. 12ನೆಯ ಶತಮಾನದಲ್ಲಿ ಕ್ರೈಸ್ತ ಮಠಗಳ ಸನ್ಯಾಸಿಗಳು ಈ ತೋಟಗಳನ್ನು ಬೆಳೆಸಿದರು. ಅಷ್ಟು ಚಳಿಯ ನಾಡಿನಲ್ಲಿ ದ್ರಾಕ್ಷಿ ಹೇಗೆ ಹಣ್ಣಾಗುತ್ತದೆ? ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ತಣಿಯುತ್ತದೆ. ಬೇಸಗೆಯಲ್ಲಿ ಸರೋವರ ಕೂಡಿಟ್ಟುಕೊಂಡ ಶಾಖ ಚಳಿ ಆರಂಭವಾಗುವ ಹೊತ್ತಿಗೆ ದಂಡೆಯ ಬಳ್ಳಿಯನ್ನು ಕಾಯುತ್ತದೆ.

ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳೂ ನೀರಿನ ದಂಡೆಯ ನಾಡೇ. ಆದರೆ ಇಲ್ಲಿನವು ಬಹುಪಾಲು ಮನುಷ್ಯರು ಕಟ್ಟಿದ ಕೆರೆಗಳು. ಮುಂಗಾರಿನ ತಿಂಗಳುಗಟ್ಟಲೆ ಮಳೆಗೆ ದ್ರಾಕ್ಷಿ ಬೂಜು ಹಿಡಿಯುತ್ತದೆ. ಅದಕ್ಕೆ ವಿಜಯಪುರ, ಬಾಗಲಕೋಟೆಗಳ ಒಣಹವೆ ಬೇಕು. ಇಲ್ಲಿ ನೆಲೆನಿಂತದ್ದು ಅಡಿಕೆ. ಅದಕ್ಕೆ ಶತ್ರು ಚಳಿಯಲ್ಲ, ಬೇಸಗೆಯ ಬಿಸಿಲು. ಕೆರೆಯ ಏರಿಯ ಕೆಳಗೆ ನೆಲ ತಂಪಾಗಿರುತ್ತದೆ, ತೂಬಿನಿಂದ ನೀರು ಹರಿದು ಬರುತ್ತದೆ. ಹೀಗೆ ಅಲ್ಲಿ ಸರೋವರ ತೋಟವನ್ನು ಬೆಚ್ಚಗಿಟ್ಟರೆ, ಇಲ್ಲಿ ಕೆರೆ ತೋಟವನ್ನು ತಣ್ಣಗಿಟ್ಟಿತು.

ಈ ಕೆರೆಗಳು ಎಷ್ಟು ಹಳೆಯವು ಗೊತ್ತೆ? ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಪ್ರಸಿದ್ಧ ಸ್ತಂಭಶಾಸನವಿದೆ. 5ನೆಯ ಶತಮಾನದ ಈ ಸಂಸ್ಕೃತ ಶಾಸನವನ್ನು ರಚಿಸಿದವನು ಕುಬ್ಜನೆಂಬ ಕವಿ. ಮಯೂರಶರ್ಮನ ಕಥೆಗಾಗಿ ನಾವು ಅದನ್ನು ಓದುತ್ತೇವೆ. ಆದರೆ ಕಾಕುಸ್ಥವರ್ಮನು ಅಲ್ಲಿನ ಶಿವಾಲಯದ ಬಳಿ ದೊಡ್ಡದೊಂದು ಕೆರೆಯನ್ನು ಕಟ್ಟಿಸಿದನೆಂಬುದೂ ಅದೇ ಕಂಬದಲ್ಲಿದೆ.

ಅಲ್ಲಿಂದ ಸಮೀಪದ ಬಳ್ಳಿಗಾವಿ ಬನವಾಸಿ ಹನ್ನೆರಡು ಸಾಸಿರದ ರಾಜಧಾನಿಯಾಗಿತ್ತು. ಅಲ್ಲಿನ ಕೇದಾರೇಶ್ವರ ದೇವಾಲಯದ ಮಠಕ್ಕೆ ಕೋಡಿಯ ಮಠವೆಂದು ಹೆಸರು. ಕೋಡಿ ಎಂದರೆ ಕೆರೆ ತುಂಬಿದಾಗ ಹೆಚ್ಚುವರಿ ನೀರು ಹೊರಬೀಳುವ ದಾರಿ. ವಿದ್ಯೆಗೆ, ಅನ್ನದಾನಕ್ಕೆ, ರೋಗಿಗಳ ಆರೈಕೆಗೆ ಈ ಮಠ ನೆಲೆಯಾಗಿತ್ತೆಂದು 1162ರ ಶಾಸನ ವರ್ಣಿಸುತ್ತದೆ. ಲಾವೋದಲ್ಲಿ ಸನ್ಯಾಸಿಗಳು ದ್ರಾಕ್ಷಿ ಬೆಳೆಸಿದ್ದೂ ಅದೇ ಶತಮಾನದಲ್ಲಿ ಎಂಬುದನ್ನು ಗಮನಿಸಿ.

ಕೆರೆ ಕಟ್ಟಿದರೆ ಮುಗಿಯಲಿಲ್ಲ. ಪ್ರತಿವರ್ಷ ಹೂಳು ತುಂಬುತ್ತದೆ, ಏರಿ ಕುಸಿಯುತ್ತದೆ. ಇದಕ್ಕಾಗಿ ನಮ್ಮ ಹಿರಿಯರು ಬಿತ್ತುವಟ್ಟ, ಕಟ್ಟುಗೊಡಗೆ ಎಂಬ ಏರ್ಪಾಡುಗಳನ್ನು ಮಾಡಿದ್ದರು. ಕೆರೆಯ ನೀರುಂಡ ಭೂಮಿಯ ಹುಟ್ಟುವಳಿಯಲ್ಲಿ ಒಂದು ಪಾಲು ಕೆರೆಗೇ ಮೀಸಲು. ಕೆರೆಯ ಕೆಲಸ ಮಾಡಿದವನಿಗೆ ಮಾನ್ಯದ ಭೂಮಿ.

ಇನ್ನು ದ್ರಾಕ್ಷಿಗೂ ಅಡಿಕೆಗೂ ನಿಜವಾದ ನಂಟು ಬೆಳೆದ ಕಥೆ ಕೇಳಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜುರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ 1882ರಲ್ಲಿ ಗಮನಿಸಿದ. ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ. ಅದೇ ಬೋರ್ಡೋ ದ್ರಾವಣ.

ಇತ್ತ ಮಲೆನಾಡಿನಲ್ಲಿ ಕೊಳೆರೋಗ ಅಡಿಕೆಯನ್ನು ಗೊನೆಗೊನೆಯಾಗಿ ಉದುರಿಸುತ್ತಿತ್ತು. ಗೊನೆಗೆ ಕರಡದ ಕೊಟ್ಟೆ ಕಟ್ಟಿ ಮಳೆ ತಪ್ಪಿಸುವುದೊಂದೇ ದಾರಿ. ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಹೊರತಂದರು. ಬೋರ್ಡೋ ದ್ರಾವಣವನ್ನು ಸಿಂಪಡಿಸಬಹುದೆಂದು ತೋರಿಸಿದರು. ದ್ರಾಕ್ಷಿ ಈ ನೆಲಕ್ಕೆ ಬರಲಿಲ್ಲ, ಅದರ ಔಷಧಿ ಬಂತು! ಇಂದಿಗೂ ಮಳೆಗಾಲದಲ್ಲಿ ಅಡಿಕೆ ಮರ ಏರುವವರು ಹೊಡೆಯುವುದು ಅದನ್ನೇ.

ಆದರೆ ಕೆರೆಗೆ ಬಂದ ರೋಗಕ್ಕೆ ಔಷಧಿ ಹೊರಗಿನಿಂದ ಬರುವುದಿಲ್ಲ. ಕೊಳವೆಬಾವಿ ಬಂದ ಮೇಲೆ ತೋಟಕ್ಕೆ ಕೆರೆ ಬೇಕೇ ಬೇಕೆಂಬ ಭಾವನೆ ಸಡಿಲವಾಗಿದೆ. ಕೆರೆ ಹೂತುಹೋದರೆ ನೆಲದೊಳಗೆ ಇಂಗುವ ನೀರೂ ಕಡಿಮೆಯಾಗುತ್ತದೆ; ಆಗ ಕೊಳವೆಬಾವಿಯೂ ಬತ್ತುತ್ತದೆ. ಒಂದು ಭಾನುವಾರ ನಿಮ್ಮೂರ ಕೆರೆಯ ಏರಿಯ ಮೇಲೆ ನಡೆದು ನೋಡಿ. ತೂಬು ತೆರೆಯುತ್ತದೆಯೇ? ಕೋಡಿ ಕೊನೆಯ ಬಾರಿ ಹರಿದದ್ದು ಯಾವ ವರ್ಷ? ಊರಿನ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ತಾಳಗುಂದದ ಕಂಬದ ಮೇಲೆ ಆರಂಭವಾದ ಕಥೆಗೆ ಮುಂದಿನ ಸಾಲು ಅದೇ.