ತಂತಿಯ ಕೆಳಗಿನ ಊರು

ಹೋದ ಗೌರಿಹಬ್ಬಕ್ಕೆ ಮೊಮ್ಮಗ ನನ್ನನ್ನು ಬೆಂಗಳೂರಿನಿಂದ ಊರಿಗೆ ಕರೆದುಕೊಂಡು ಹೋದ. ಅವನದು ಹೊಸ ವಿದ್ಯುತ್ ಕಾರು. ಸದ್ದಿಲ್ಲ, ಹೊಗೆಯಿಲ್ಲ; ಊರ ಬಾಗಿಲಿನಲ್ಲಿ ಮಲಗಿದ್ದ ನಾಯಿಗಳು ಗಾಡಿ ಮೂಗಿನ ಹತ್ತಿರ ಬರುವವರೆಗೂ ಏಳಲಿಲ್ಲ. ಮನೆ ಮುಟ್ಟುವ ವೇಳೆಗೆ ಬ್ಯಾಟರಿ ತಳ ಕಂಡಿದ್ದಿತು. ಹಿಂದಿರುಗಬೇಕಾದರೆ ತುಂಬಿಸಲೇಬೇಕು. ಹತ್ತಿರದ ಚಾರ್ಜಿಂಗ್ ಕೇಂದ್ರವಿದ್ದುದು ಹೆದ್ದಾರಿಯಲ್ಲಿ. ಅಲ್ಲಿಗೆ ಹೋಗುವಷ್ಟು ಕಸುವು ಗಾಡಿಗೆ ಉಳಿದಿರಲಿಲ್ಲ. ಹಿಟ್ಟಿನ ಗಿರಣಿಗೆಂದು ನನ್ನ ತಮ್ಮ ಹಿಂದೊಮ್ಮೆ ಕೊಟ್ಟಿಗೆಯಲ್ಲಿ ಹಾಕಿಸಿದ್ದ ದೊಡ್ಡ ಪ್ಲಗ್ಗಿಗೆ ಹುಡುಗ ತಂತಿ ಸಿಕ್ಕಿಸಿದ. ಅರ್ಧ ಗಂಟೆಯಾಗಿರಬಹುದು, ದೀಪಗಳು ಮೊದಲು ಕೆಂಪಗಾದವು, ಆಮೇಲೆ ಬೀದಿಗೆ ಬೀದಿಯೇ ಕತ್ತಲಾಯಿತು.

ಮಾರನೆಯ ದಿನ ಬೆಳಿಗ್ಗೆ ಬಂದ ಲೈನ್‌ಮನ್ ಫ್ಯೂಸು ಕಟ್ಟುತ್ತ ಕಂಬದ ಮೇಲಿನಿಂದಲೇ ಹೇಳಿದ: “ಇಪ್ಪತ್ತೈದರ ಟಿ.ಸಿ. ಮೇಷ್ಟ್ರೇ. ಹಬ್ಬದ ದಿನ ಎಲ್ಲರ ಮನೆ ಗ್ರೈಂಡರೂ ತಿರುಗ್ತಿರ್ತವೆ. ಅದರ ಮೇಲೆ ನಿಮ್ಮ ಕಾರೂ ಬಂದು ಕೂತ್ರೆ ಅದು ತಾನೇ ಏನು ಮಾಡೀತು?”

ಹಾಗೆಂದರೆ ಇಪ್ಪತ್ತೈದು ಕೆವಿಎ ಶಕ್ತಿಯ ಪರಿವರ್ತಕ. ಪೇಟೆಯಲ್ಲಿ ಒಂದೇ ಕಾರಿಗೆ ಬೇಗ ಚಾರ್ಜು ಕೊಡುವ ಯಂತ್ರ ಅರವತ್ತು ಕಿಲೋವಾಟ್ ಎಳೆಯುತ್ತದೆ. ಅಂದರೆ ನಮ್ಮ ಬೀದಿಯಂಥ ಎರಡು ಬೀದಿಗಳ ಒಟ್ಟು ಪಾಲನ್ನು ಒಂದು ಕಾರು ಕುಡಿಯುತ್ತದೆ. ಕೆಳಗೆ ನಿಂತು ನೋಡುತ್ತಿದ್ದವರಲ್ಲಿ ಒಬ್ಬರು ಕೇಳಿದರು: “ಪೇಟೇಲಿ ಇದಕ್ಕೆ ಸರ್ಕಾರ ದುಡ್ಡು ಕೊಡ್ತದಂತಲ್ಲ, ನಮ್ಮೂರಿಗೆ ಯಾರು ಕೊಡ್ತಾರೆ?”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವನಿಗೆ ಹಳೆಯ ಪ್ರಶ್ನೆಯೊಂದು ಹೊಸ ಅಂಗಿ ತೊಟ್ಟು ಬಂದಾಗ ಗುರುತು ಸಿಕ್ಕದಿರುವುದಿಲ್ಲ. ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದುದು ನನ್ನ ತಾತನ ಬಾಯಲ್ಲಿ.

ನಮ್ಮ ಊರು ಶಿವನಸಮುದ್ರದಿಂದ ದೂರವಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಕಾವೇರಿ ವಿದ್ಯುತ್ ಯೋಜನೆ 1902ರಲ್ಲಿ ಕೈಗೂಡಿತು. ಸರ್ಕಾರಕ್ಕೆ ಆ ಕೆಲಸ ಮಾಡಿಕೊಟ್ಟ ಎಂಜಿನಿಯರ್ ಡಿ ಲಾಟ್ಬಿನಿಯರ್. ತಲಾ 720 ಕಿಲೋವಾಟಿನ ಆರು ಯಂತ್ರಗಳು. ಅಲ್ಲಿಂದ ಕೋಲಾರದ ಚಿನ್ನದ ಗಣಿಯವರೆಗೆ 92 ಮೈಲಿ ತಂತಿ. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸುವುದು ಆಗಿನ ಪ್ರಪಂಚದಲ್ಲಿಯೇ ದೊಡ್ಡ ಸಾಹಸ. ಹಣ ಹಾಕಿದುದು ಮೈಸೂರು ಸರ್ಕಾರ, ಅಂದರೆ ಕಂದಾಯ ಕೊಡುವ ರೈತ. ಕೊಂಡುಕೊಂಡವರು ಗಣಿಯ ಕಂಪನಿಗಳು. ಬೆಂಗಳೂರಿನ ಬೀದಿಗೇ ದೀಪ ಬಂದುದು ಮೂರು ವರ್ಷ ತಡವಾಗಿ, 1905ರಲ್ಲಿ. ಮೈಸೂರಿಗೆ 1908ರಲ್ಲಿ. ವ್ಯಾಪಾರದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಗಣಿಯಂಥ ಗಿರಾಕಿ ಮೊದಲು ಗೊತ್ತಾಗದಿದ್ದರೆ ಯೋಜನೆಯೇ ಏಳುತ್ತಿರಲಿಲ್ಲ.

ಆದರೆ ನಡುವೆ ಊರುಗಳಿದ್ದವು. ನಮ್ಮ ಹೊಲದ ಬದುವಿನ ಮೇಲೆ ಹಾದುಹೋಗುತ್ತಿದ್ದ ತಂತಿಯನ್ನು ಹಳಬರು “ಚಿನ್ನದ ತಂತಿ” ಎನ್ನುತ್ತಿದ್ದರು. ಮಳೆಗಾಲದಲ್ಲಿ ಅದು ಗುಂಯ್ ಎನ್ನುತ್ತಿದ್ದಿತಂತೆ. ಅದರ ಕೆಳಗೆ ತಾತ ಲಾಂದ್ರ ಹಿಡಿದು ನೀರು ಕಟ್ಟಲು ಹೋಗುತ್ತಿದ್ದರು. “ನಮ್ಮ ಹೊಳೆ, ನಮ್ಮ ಹೊಲ, ನಮ್ಮ ಕಂದಾಯ, ಬೆಳಕು ಮಾತ್ರ ದೊರೆಗಳ ಗಣಿಗೆ. ನಮಗೆ ಯಾರು ಕೊಡ್ತಾರೆ?” ಎಂದು ಅವರು ಹೇಳುತ್ತಿದ್ದುದರಲ್ಲಿ ಸಿಟ್ಟಿಗಿಂತ ಹಾಸ್ಯವೇ ಹೆಚ್ಚಾಗಿದ್ದಿತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನ ಹಳ್ಳಿಗಳಿಗೂ ದೀಪ ಕೊಡತೊಡಗಿತೆಂಬುದು, ಆ ವಿಷಯದಲ್ಲಿ ದೇಶದ ಇತರ ಭಾಗಗಳಿಗಿಂತ ಮುಂದಿದ್ದಿತೆಂಬುದು ನಿಜ. ನಮ್ಮ ಊರಿನ ಪಾಳಿ ಬರಲು ಮಾತ್ರ ಸ್ವಾತಂತ್ರ್ಯ ಬಂದು ಹದಿನೈದು ವರ್ಷ ಕಳೆಯಬೇಕಾಯಿತು.

ಇದೇ ಪ್ರಶ್ನೆಯನ್ನು ಇನ್ನೊಂದು ಖಂಡದಲ್ಲಿಯೂ ರೈತರು ಕೇಳುತ್ತಿದ್ದರು. 1930ರ ದಶಕದ ಅಮೆರಿಕವೆಂದರೆ ನಮ್ಮ ಕಣ್ಣಿಗೆ ಗಗನಚುಂಬಿಗಳ ನಾಡು. ಅಲ್ಲಿಯ ಪಟ್ಟಣಗಳಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳಿಗೆ ದೀಪವಿದ್ದಾಗ ಹೊಲಮನೆಗಳಲ್ಲಿ ಹತ್ತಕ್ಕೆ ಒಂದಕ್ಕೆ ಮಾತ್ರ ಇದ್ದಿತು. ಖಾಸಗಿ ಕಂಪನಿಗಳ ಲೆಕ್ಕ ಸರಳ: ಒಂದು ಮೈಲಿ ತಂತಿಗೆ ಎರಡು ಸಾವಿರ ಡಾಲರಿನ ಹತ್ತಿರ ಖರ್ಚು, ಒಂದು ಮೈಲಿಗೆ ಮೂರು ಮನೆ, ಗಿಟ್ಟುವುದಿಲ್ಲ. ಅಧ್ಯಕ್ಷ ರೂಸ್‌ವೆಲ್ಟ್ 1935ರ ಮೇ ತಿಂಗಳಲ್ಲಿ ಗ್ರಾಮೀಣ ವಿದ್ಯುದೀಕರಣ ಆಡಳಿತವನ್ನು ಸ್ಥಾಪಿಸಿದರು. ಮರುವರ್ಷ ಸೆನೆಟರ್ ನಾರಿಸ್ ಮತ್ತು ಪ್ರತಿನಿಧಿ ರೇಬರ್ನ್ ಅದಕ್ಕೆ ಕಾಯಿದೆಯ ಬಲ ತಂದರು. ಮೊದಲಿಗೆ ಕಂಪನಿಗಳೇ ಈ ಸಾಲ ಪಡೆದು ತಂತಿ ಎಳೆದಾವೆಂದು ಆಡಳಿತಗಾರ ಮಾರಿಸ್ ಕುಕ್ ಎಣಿಸಿದ್ದರು. ಅವು ಹೆಚ್ಚು ಉತ್ಸಾಹ ತೋರಿಸಲಿಲ್ಲ. ಮುಂದೆ ಬಂದವರು ರೈತರು. ಐದೈದು ಡಾಲರ್ ಷೇರು ಹಾಕಿ ಸಹಕಾರ ಸಂಘ ಕಟ್ಟಿದರು. ಸರ್ಕಾರ ಸಾಲ ಕೊಟ್ಟಿತು, ದಾನವನ್ನಲ್ಲ. ಕಂಬದ ನಡುವಿನ ಅಂತರ ಹೆಚ್ಚಿಸಿ, ಒಂದೇ ಮಾದರಿಯ ಸಾಮಗ್ರಿ ಬಳಸಿ ಮೈಲಿಯ ಖರ್ಚನ್ನು ಸಾವಿರ ಡಾಲರಿಗಿಂತ ಕೆಳಕ್ಕೆ ಇಳಿಸಿದರು.

ಆಗ ಕಂಪನಿಗಳು ಒಂದು ಚೇಷ್ಟೆ ಮಾಡಿದವು. ಸಂಘ ಹುಟ್ಟುತ್ತದೆಂದು ಸುದ್ದಿ ಬಂದಲ್ಲಿಗೆ ಧಾವಿಸಿ, ಅನುಕೂಲಸ್ಥರ ನಾಲ್ಕಾರು ಹೊಲಮನೆಗಳಿಗಷ್ಟೇ ತಂತಿ ಎಳೆದುಬಿಡುವುದು. ಕೆನೆ ಹೋದ ಮೇಲೆ ಉಳಿದ ಹಾಲಿನಿಂದ ಸಂಘ ಬದುಕಲಾರದೆಂಬ ಎಣಿಕೆ. ರೈತರು ಇವುಗಳಿಗೆ ಹಗೆಯ ತಂತಿಗಳೆಂದು ಹೆಸರಿಟ್ಟಿದ್ದರು. ಆದರೂ ಸಂಘಗಳು ಬದುಕಿದವು. 1950ರ ದಶಕದ ನಡುವಿಗೆ ಬರುವ ವೇಳೆಗೆ ಅಲ್ಲಿಯ ಹೊಲಮನೆಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ದೀಪವಿದ್ದಿತು. ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಬಹಳ ಹಿಡಿಸಿತು: ಕಂಬದವರೆಗೆ ತಂತಿ ಎಳೆಯುವುದಕ್ಕೆ ಮಾತ್ರವಲ್ಲ, ಮನೆಯೊಳಗಿನ ವೈರಿಂಗಿಗೂ ನೀರೆತ್ತುವ ಪಂಪಿಗೂ ಆ ಆಡಳಿತ ಸಾಲ ಕೊಡುತ್ತಿದ್ದಿತು. ಇದರ ಬೆಲೆ ಏನೆಂಬುದನ್ನು ಮುಂದೆ ಹೇಳುತ್ತೇನೆ.

ಈ ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ಅದರ ಒಂದು ಕುಡಿ ನಮ್ಮ ಬೆಳಗಾವಿ ಜಿಲ್ಲೆಗೆ ಬಂದಿದೆ. ಬರದ ವರ್ಷಗಳು ಕಳೆದ ಮೇಲೆ, ಗ್ರಾಮೀಣ ಸಾಲ ಪರಿಶೀಲನಾ ಸಮಿತಿಯ ಶಿಫಾರಸಿನಂತೆ, 1969ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ವಿದ್ಯುದೀಕರಣ ನಿಗಮವನ್ನು ಸ್ಥಾಪಿಸಿತು. ಪಿ.ಎಲ್. 480ರ ಗೋಧಿಯನ್ನು ನಾವು ರೂಪಾಯಿ ಕೊಟ್ಟು ಕೊಂಡೆವಷ್ಟೆ. ಆ ರೂಪಾಯಿ ಈ ದೇಶದಲ್ಲಿಯೇ ಉಳಿದಿದ್ದಿತು, ಅದರಲ್ಲಿ ಒಂದು ಪಾಲು ಈ ನಿಗಮದ ಬಂಡವಾಳವಾಯಿತು. ಉಂಡ ರೊಟ್ಟಿ ಕಂಬವಾಗಿ ಎದ್ದು ನಿಂತಿತು. ಅದೇ ಕಾಲದಲ್ಲಿ, ಅಮೆರಿಕದ ವಿದ್ಯುತ್ ಸಹಕಾರ ಸಂಘಗಳ ಒಕ್ಕೂಟದ ಸಲಹೆಯಿಂದ, ದೇಶದಲ್ಲಿ ಐದು ಕಡೆ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳು ಪ್ರಯೋಗಾರ್ಥವಾಗಿ ಹುಟ್ಟಿದವು. ಅವುಗಳಲ್ಲಿ ಒಂದು ಹುಕ್ಕೇರಿಯದು. ಉಳಿದವುಗಳಲ್ಲಿ ಹಲವು ಕಾಲಕ್ರಮದಲ್ಲಿ ಅಳಿದವು. ಘಟಪ್ರಭೆಯ ಸೀಮೆಯ ಈ ಸಂಘ ಮಾತ್ರ ಐದು ದಶಕ ದಾಟಿ, ತಾಲ್ಲೂಕಿಗೆ ತಾನೇ ವಿದ್ಯುತ್ ಹಂಚುತ್ತ ಬಂದಿದೆ. ರಾಜ್ಯದಲ್ಲಿ ಅಂಥದು ಇನ್ನೊಂದಿಲ್ಲ.

ಸರ್ಕಾರದ ಹಣ ಹರಿದುದೇನೋ ಸರಿ. ಅದು ಹಳ್ಳಿಗೆ ಮುಟ್ಟಿತೆಂದು ಲೆಕ್ಕ ಬರೆದ ಬಗೆ ವಿಚಿತ್ರ. 1997ರವರೆಗೆ, ಕಂದಾಯ ಗ್ರಾಮದ ಎಲ್ಲೆಯೊಳಗೆ ಯಾವುದೇ ಕೆಲಸಕ್ಕೆ ವಿದ್ಯುತ್ ಬಳಕೆಯಾದರೂ ಆ ಗ್ರಾಮ “ವಿದ್ಯುದೀಕೃತ”. ಹೊಲದಲ್ಲಿ ಒಬ್ಬನ ಪಂಪ್‌ಸೆಟ್ಟು ತಿರುಗಿದರೆ ಸಾಕು, ಊರೊಳಗೆ ಒಂದೂ ದೀಪವಿಲ್ಲದಿದ್ದರೂ ಸರಿಯೆ. ಆ ವರ್ಷ, ಜನ ವಾಸಿಸುವ ಜಾಗದಲ್ಲಿ ಬಳಕೆಯಾಗಬೇಕೆಂದು ತಿದ್ದಿದರು. 2004ರಲ್ಲಿ, ನೂರಕ್ಕೆ ಹತ್ತು ಮನೆಗಳಿಗಾದರೂ ಇರಬೇಕೆಂದರು. ಕೊನೆಯ ಗ್ರಾಮವೆಂದು ಮಣಿಪುರದ ಲೈಸಾಂಗ್ ಹೆಸರು ಪತ್ರಿಕೆಗಳಲ್ಲಿ ಬಂದುದು 2018ರ ಏಪ್ರಿಲ್‌ನಲ್ಲಿ. ಅಂಕಿಯನ್ನು ಓದುವವರು ಅದರ ಹಿಂದಿನ ವ್ಯಾಖ್ಯೆಯನ್ನೂ ಓದಬೇಕೆಂದು ನಾನು ಹುಡುಗರಿಗೆ ಹೇಳುತ್ತಿದ್ದುದು ಇದಕ್ಕಾಗಿಯೇ.

ಈಗ ಕಾರಿನ ಮಾತು. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ಹೊರಡಿಸಿ ದೇಶದಲ್ಲಿ ಮೊದಲಿನದೆನಿಸಿದ ರಾಜ್ಯ ಕರ್ನಾಟಕ. 2018ರ ಕೇಂದ್ರದ ಮಾರ್ಗಸೂಚಿ ನಗರದಲ್ಲಿ ಮೂರು ಕಿಲೋಮೀಟರ್ ಚೌಕಕ್ಕೆ ಒಂದು, ಹೆದ್ದಾರಿಯ ಎರಡು ಪಕ್ಕದಲ್ಲಿಯೂ 25 ಕಿಲೋಮೀಟರಿಗೆ ಒಂದು ಕೇಂದ್ರ ಬೇಕೆಂದಿತು. 2019ರ ಫೇಮ್ ಎರಡನೆಯ ಹಂತದ ಹತ್ತು ಸಾವಿರ ಕೋಟಿ ರೂಪಾಯಿಯಲ್ಲಿ ಒಂದು ಸಾವಿರ ಕೋಟಿ ಈ ಕೇಂದ್ರಗಳಿಗೆಂದು ಮೀಸಲಾಯಿತು. 2020ರ ಆರಂಭದಲ್ಲಿ ಮಂಜೂರಾದ 2,636 ಕೇಂದ್ರಗಳು 62 ನಗರಗಳ ಪಾಲಾದವು. 2024ರ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಎರಡು ಸಾವಿರ ಕೋಟಿ. ಅದೇ ವರ್ಷ ಸಾರ್ವಜನಿಕ ಕೇಂದ್ರಗಳ ಸಂಖ್ಯೆಯಲ್ಲಿ ಕರ್ನಾಟಕ ದೇಶಕ್ಕೆ ಮೊದಲನೆಯದಾಗಿದ್ದಿತು, ಐದು ಸಾವಿರಕ್ಕೂ ಹೆಚ್ಚು. ಹೆಮ್ಮೆಯ ಸಂಗತಿ. ಅವುಗಳಲ್ಲಿ ಮುಕ್ಕಾಲಿಗೆ ಮೇಲ್ಪಟ್ಟು ಬೆಂಗಳೂರು ನಗರ ಜಿಲ್ಲೆಯೊಂದರಲ್ಲಿಯೇ ಇದ್ದವು.

ಅಮೆರಿಕದಲ್ಲಿಯೂ ಕಥೆ ಬೇರೆಯಲ್ಲ. 2021ರ ಕಾಯಿದೆ ಐದು ಶತಕೋಟಿ ಡಾಲರನ್ನು ರಾಜ್ಯಗಳಿಗೆ ಹಂಚಿತು. ಗುರುತಾದ ಹೆದ್ದಾರಿಗಳಲ್ಲಿ ಐವತ್ತು ಮೈಲಿಗೊಂದು, ರಸ್ತೆಯಿಂದ ಒಂದು ಮೈಲಿಯೊಳಗೆ, ತಲಾ 150 ಕಿಲೋವಾಟಿನ ನಾಲ್ಕು ಮೂತಿಗಳ ಕೇಂದ್ರ. ಖರ್ಚಿನಲ್ಲಿ ನೂರಕ್ಕೆ ಎಂಬತ್ತು ಭಾಗ ಕೇಂದ್ರ ಸರ್ಕಾರದ್ದು. ಲೆಕ್ಕ ಹಾಕಿದರೆ ಒಂದೊಂದು ಕೇಂದ್ರಕ್ಕೆ 600 ಕಿಲೋವಾಟ್, ಶಿವನಸಮುದ್ರದ ಹಳೆಯ ಯಂತ್ರವೊಂದು ಹೆಚ್ಚುಕಡಮೆ ಇದಕ್ಕೇ ಸರಿಹೋಗುತ್ತಿದ್ದಿತು! ಬೇರೆ ಎರಡೂವರೆ ಶತಕೋಟಿಯ ನಿಧಿಯಲ್ಲಿ ಹಳ್ಳಿಗಾಡಿಗೂ ಬಡವರ ಬಡಾವಣೆಗೂ ಆದ್ಯತೆಯೆಂದು ಬರೆದಿದ್ದಿತು. ಮೊದಲಿನ ಹಣದಿಂದ ಮೊದಲ ಕೇಂದ್ರ ತೆರೆದುದು ಓಹಾಯೋದಲ್ಲಿ, ಎರಡು ವರ್ಷದ ಮೇಲೆ, 2023ರ ಡಿಸೆಂಬರಿನಲ್ಲಿ. 2025ರ ಫೆಬ್ರವರಿಯಲ್ಲಿ ಹೊಸ ಆಡಳಿತ ಹಣವನ್ನು ತಡೆಹಿಡಿಯಿತು, ರಾಜ್ಯಗಳು ನ್ಯಾಯಾಲಯಕ್ಕೆ ಹೋದವು, ಆಗಸ್ಟಿನಲ್ಲಿ ಸಡಿಲವಾದ ಹೊಸ ನಿಯಮ ಬಂದಿತು. ರೂಸ್‌ವೆಲ್ಟನ ಕಾಲದಲ್ಲಿ ಸಾಲ ಪಡೆದವನು ಊರಿನ ರೈತ, ಯಜಮಾನನೂ ಅವನೇ. ಈಗ ಅನುದಾನ ಪಡೆಯುವವನು ಹೆದ್ದಾರಿಯ ಪಕ್ಕದ ಅಂಗಡಿಯವನು. ನನಗೆ ಹಳೆಯದೇ ಮೇಲೆನಿಸುತ್ತದೆ.

ಕಾರಿಟ್ಟವರು ಅನುಕೂಲಸ್ಥರು, ಅವರಿಗೆ ಬಡವರ ತೆರಿಗೆಯೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಆಕ್ಷೇಪ. ಇದಕ್ಕೆ ಉತ್ತರ ಹೇಳುವ ಮೊದಲು ನಮ್ಮ ಮನೆಯ ಕಥೆಯೊಂದನ್ನು ಒಪ್ಪಿಕೊಳ್ಳಬೇಕು.

ನಮ್ಮ ಊರಿಗೆ ಕಂಬ ಬಂದಾಗ ನಾನು ಮಿಡಲ್ ಸ್ಕೂಲಿನ ಹುಡುಗ. ಎಷ್ಟು ಮನೆಯವರು ಅರ್ಜಿ ಹಾಕಿದರೆ ಎಲ್ಲಿಯವರೆಗೆ ಕಂಬ ಎಂಬ ಮಾತು ನಡೆದಿದ್ದಿತು. ತಾತ ಓಡಾಡಿ ನಮ್ಮ ಬೀದಿಯವರಿಂದ ರುಜು ಹಾಕಿಸಿದರು. ಕಂಬ ನಮ್ಮ ಮನೆಯ ಮೂಲೆಯವರೆಗೆ ಬಂದು ನಿಂತಿತು. ಅಲ್ಲಿಂದ ಇಳಿದರೆ ಕೆಳಗಿನ ಕೇರಿ. ಆ ಜನ ವೈರಿಂಗಿಗೆ ದುಡ್ಡೆಲ್ಲಿಂದ ತಂದಾರು? ಅರ್ಜಿಯಿಲ್ಲ, ಆದುದರಿಂದ ಕಂಬವಿಲ್ಲ. ನಮ್ಮ ಜಗಲಿಯ ದೀಪದ ಬೆಳಕು ಅವರ ಮೊದಲನೆಯ ಎರಡು ಗುಡಿಸಲುಗಳ ಮೇಲೆ ಬೀಳುತ್ತಿದ್ದಿತು. ಅಲ್ಲಿಯ ಹುಡುಗನೊಬ್ಬ ಸಂಜೆ ಪುಸ್ತಕ ತಂದು ಮೆಟ್ಟಿಲ ಕೆಳಗೆ ನಿಂತು ಓದುತ್ತಿದ್ದ. ನಿಂತು ಎಂದೆ, ಕೂತು ಎನ್ನಲಿಲ್ಲ. ಎಂಟು ಗಂಟೆಗೆ ಅಜ್ಜಿ ದೀಪ ಆರಿಸುತ್ತಿದ್ದರು. ಅವನು ನನ್ನ ತರಗತಿಯವನೇ. ದೀಪ ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ನಾನು ಒಂದು ದಿನವೂ ಕೇಳಿದವನಲ್ಲ. ಆ ಕೇರಿಗೆ ಭಾಗ್ಯಜ್ಯೋತಿಯ ಒಂಟಿ ದೀಪಗಳು ಬರುವ ವೇಳೆಗೆ ಅವನು ಓದು ಬಿಟ್ಟು ಬಹಳ ವರ್ಷಗಳಾಗಿದ್ದವು.

ಸರ್ಕಾರ ಕಂಬದವರೆಗೆ ಕೊಟ್ಟಿತು. ಕಂಬದಿಂದ ಮನೆಯವರೆಗೆ ಕೊಡಲಿಲ್ಲ. ಹಳ್ಳಿಗೆ ಚಾರ್ಜಿಂಗ್ ಕೇಂದ್ರವೆಂದು ನಾಲ್ಕು ಮೂತಿಯ ಪೆಟ್ಟಿಗೆ ತಂದು ನಿಲ್ಲಿಸಿದರೆ, ಅದಕ್ಕೆ ಬೇಕಾದ ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ ಬರುವ ಊರಿನಲ್ಲಿ, ಅದು ಮೋಂಬತ್ತಿಯಿಲ್ಲದ ಲಾಂದ್ರ. ನನ್ನನ್ನು ಕೇಳಿದರೆ ಮೊದಲ ಹಣ ಟಿ.ಸಿ.ಗೆ, ತಂತಿಗೆ, ಸಂತೆಮಾಳದಲ್ಲಿಯೋ ಪಂಚಾಯಿತಿ ಕಟ್ಟೆಯ ಬಳಿಯೋ ಹತ್ತಾರು ಸಾಧಾರಣ ಪ್ಲಗ್ಗಿಗೆ ಹೋಗಬೇಕು. ಹಳ್ಳಿಯ ವಿದ್ಯುತ್ ವಾಹನ ಕಾರಲ್ಲ. ಸ್ಕೂಟರು ಮತ್ತು ಆಟೋ.

ಹಬ್ಬದ ಆ ರಾತ್ರಿಯ ಮಾತು ಮುಗಿಯಲಿಲ್ಲ. ಫ್ಯೂಸು ಕಟ್ಟಿ ಲೈನ್‌ಮನ್ ಇಳಿದ ಮೇಲೆ ಯುವಕನೊಬ್ಬ ಬಂದು ಜಗಲಿಯ ಕೆಳಗೆ ನಿಂತ. ವಿದ್ಯುತ್ ಆಟೋ ಇಟ್ಟುಕೊಂಡು ಹೋಬಳಿ ಊರಿಗೆ ಜನ ಸಾಗಿಸುವವನು. ಮೆಟ್ಟಿಲ ಕೆಳಗೆ ಓದುತ್ತಿದ್ದವನ ಮೊಮ್ಮಗ. ರಾತ್ರಿಯೆಲ್ಲ ಕರೆಂಟಿಲ್ಲದೆ ಅವನ ಗಾಡಿ ತುಂಬಿರಲಿಲ್ಲ. ಹಬ್ಬದ ಬೆಳಗಿನ ಬಾಡಿಗೆಯೆಲ್ಲ ಹೋಗಿತ್ತು.

“ಜಗಳಕ್ಕೆ ಬಂದಿಲ್ಲ ಮೇಷ್ಟ್ರೇ,” ಎಂದ. “ಇವತ್ತು ರಾತ್ರಿ ನೀವು ಎಷ್ಟು ಹೊತ್ತಿಗೆ ಹಾಕ್ತೀರಿ ಅಂತ ಕೇಳಿಕೊಂಡು ಹೋಗೋಣ ಅಂತ ಬಂದೆ.”

ಮೇಲೆ ಬಂದು ಕೂತುಕೋ ಎಂದೆ. ಕೂತ. ನನ್ನ ಮೊಮ್ಮಗನೂ ಅವನೂ ಫೋನಿನಲ್ಲಿ ಏನೇನೋ ಲೆಕ್ಕ ಮಾಡಿದರು. ಆಟೋ ತುಂಬಲು ನಾಲ್ಕು ಗಂಟೆ ಬೇಕಂತೆ. ರಾತ್ರಿ ಒಂಬತ್ತರಿಂದ ಒಂದರವರೆಗೆ ಅವನದು, ಒಂದರ ಮೇಲೆ ನಮ್ಮದು ಎಂದು ಗೊತ್ತುಮಾಡಿಕೊಂಡರು. ಒಂದು ಗಂಟೆಗೆ ಎದ್ದು ಪ್ಲಗ್ಗು ಹಾಕಲು ಹುಡುಗನಿಗೆ ಎಚ್ಚರವಾಗಲಿಲ್ಲ. ನಾನೇ ಹೋಗಿ ಹಾಕಿದೆ.