ಮೇರಿ ಸ್ಟಾನ್‌ಫೋರ್ಡ್ ಹೆಸರಿನ ಎರಡು ದೋಣಿಗಳು

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ರೈ ಹಾರ್ಬರ್ ಪುಟ್ಟ ಊರು. 1916ರಲ್ಲಿ ಅಲ್ಲಿಗೊಂದು ಹೊಸ ಲೈಫ್‌ಬೋಟ್ ಬಂತು. ಎಂಜಿನ್ ಇಲ್ಲದ, ಹುಟ್ಟು ಹಾಕಿ ಹಾಯಿ ಏರಿಸಿ ನಡೆಸಬೇಕಾದ ಮರದ ದೋಣಿ ಅದು. ಅದಕ್ಕೆ ದುಡ್ಡು ಕೊಟ್ಟವರು ಲಂಡನ್ನಿನ ಜಾನ್ ಫ್ರೆಡರಿಕ್ ಸ್ಟಾನ್‌ಫೋರ್ಡ್. ಅವರ ಮನೆತನದ ಹೆಸರೇ ದೋಣಿಗೂ ಬಂತು: ‘ಮೇರಿ ಸ್ಟಾನ್‌ಫೋರ್ಡ್’.

ಬ್ರಿಟನ್ ಮತ್ತು ಐರ್ಲೆಂಡಿನ ತೀರಗಳಲ್ಲಿ ಇದು ಹಳೆಯ ಪದ್ಧತಿ. ಅಲ್ಲಿ ಬಿರುಗಾಳಿಯ ನಡುವೆ ಜನರನ್ನು ಕಾಪಾಡಲು ಹೋಗುವ ಲೈಫ್‌ಬೋಟುಗಳಲ್ಲಿ ಹೆಚ್ಚಿನವು ಸರ್ಕಾರದವಲ್ಲ. ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್, ಅಂದರೆ ಆರ್‌ಎನ್‌ಎಲ್‌ಐ ಎಂಬ ದತ್ತಿ ಸಂಸ್ಥೆಯವು. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೆಲೆಸಿದ್ದ ಸರ್ ವಿಲಿಯಂ ಹಿಲರಿ, ಕಣ್ಣೆದುರೇ ಹಡಗುಗಳು ಒಡೆದು ಜನ ಸಾಯುವುದನ್ನು ನೋಡಲಾರದೆ ದೇಶಕ್ಕೆ ಮನವಿ ಮಾಡಿಕೊಂಡರು. ಅದರ ಫಲವಾಗಿ 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಈ ಸಂಸ್ಥೆ ಹುಟ್ಟಿತು. ದೋಣಿ ಏರುವವರಲ್ಲಿ ಬಹುಪಾಲು ಜನ ಸಂಬಳವಿಲ್ಲದ ಸ್ವಯಂಸೇವಕರು. ಕರೆ ಬಂದರೆ ಅಂಗಡಿಯನ್ನೋ ಬಲೆಯನ್ನೋ ಊಟದ ತಟ್ಟೆಯನ್ನೋ ಬಿಟ್ಟು ಓಡುತ್ತಾರೆ. ಹಣವೂ ಜನರದೇ. ಅದರಲ್ಲಿ ದೊಡ್ಡ ಪಾಲು ಬರುವುದು ತೀರಿಹೋದವರ ಉಯಿಲುಗಳಿಂದ. ಕಡಲಿಗಿಳಿಯುವ ಪ್ರತಿ ಹತ್ತು ಸಲದಲ್ಲಿ ಆರಕ್ಕೆ ಉಯಿಲಿನ ಹಣವೇ ಆಸರೆ ಎಂದು ಸಂಸ್ಥೆ ಹೇಳುತ್ತದೆ.

ಹತ್ತೊಂಬತ್ತನೇ ಶತಮಾನದಲ್ಲಿ ಒಂದು ಇಡೀ ದೋಣಿಯ ಬೆಲೆ ಕೊಟ್ಟವರು ಅದಕ್ಕೆ ಹೆಸರಿಡಬಹುದಿತ್ತು. ಗಂಡನನ್ನು ಕಳೆದುಕೊಂಡವರು, ಮಕ್ಕಳನ್ನು ಮಣ್ಣು ಮಾಡಿದವರು, ತಾಯಿಯ ನೆನಪು ಉಳಿಯಲಿ ಎಂದುಕೊಂಡವರು ಹೀಗೆ ದೋಣಿ ಕಟ್ಟಿಸಿಕೊಟ್ಟರು. ಆದರೆ ಹೀಗೆ ಕೊಡಬಲ್ಲವರು ಶ್ರೀಮಂತರು ಮಾತ್ರ. ಬಡವರ ಮನೆಯ ಸತ್ತವರಿಗೆ ಕಡಲಿನ ಮೇಲೆ ಹೆಸರಿರಲಿಲ್ಲ.

ಈ ಸ್ಥಿತಿ ಸಡಿಲಗೊಂಡದ್ದು ಒಂದು ದುರಂತದ ನಂತರ. 1886ರ ಡಿಸೆಂಬರ್ 9ರ ರಾತ್ರಿ ಲ್ಯಾಂಕಾಷೈರ್ ತೀರದಲ್ಲಿ ‘ಮೆಕ್ಸಿಕೊ’ ಎಂಬ ಜರ್ಮನ್ ಹಡಗು ಸಿಕ್ಕಿಬಿತ್ತು. ನೆರವಿಗೆ ಮೂರು ಲೈಫ್‌ಬೋಟುಗಳು ಹೊರಟವು. ಲಿತಮ್ ಊರಿನ ದೋಣಿ ಹಡಗಿನ 12 ಮಂದಿಯನ್ನೂ ಕರೆತಂದಿತು. ಉಳಿದೆರಡು ದೋಣಿಗಳ 27 ಮಂದಿ ಸತ್ತರು. ಸೇಂಟ್ ಆನ್ಸ್ ಊರಿನಿಂದ ಹೋದ 13 ಜನರಲ್ಲಿ ಒಬ್ಬರೂ ಮರಳಲಿಲ್ಲ. ಅದೇ ಊರಿನಲ್ಲಿ ಮನೆ ಮಾಡಿಕೊಂಡಿದ್ದ ಮ್ಯಾಂಚೆಸ್ಟರಿನ ಹತ್ತಿ ಉದ್ಯಮಿ ಚಾರ್ಲ್ಸ್ ಮಕಾರಾ ಅವರನ್ನು ಈ ಸಾವುಗಳು ಬಿಡಲಿಲ್ಲ. ಇಂಥ ಕೆಲಸ ಕೆಲವೇ ಧನಿಕರ ದಾನವನ್ನು ನಂಬಿ ನಿಂತಿರುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. 1891ರ ಅಕ್ಟೋಬರಿನ ಒಂದು ಶನಿವಾರ ಅವರು ಲೈಫ್‌ಬೋಟುಗಳನ್ನೇ ಮ್ಯಾಂಚೆಸ್ಟರಿನ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿದರು. ಮಹಡಿಯ ಕಿಟಕಿಗಳಲ್ಲಿ, ಟ್ರ್ಯಾಮಿನ ಮೇಲಂತಸ್ತಿನಲ್ಲಿ ಕೂತವರಿಗೂ ಎಟುಕಲೆಂದು ಉದ್ದನೆಯ ಕೋಲಿನ ತುದಿಗೆ ಚೀಲ ಕಟ್ಟಿ ಚಾಚಿದರು. ಒಂದೇ ದಿನ 5,000 ಪೌಂಡ್‌ಗೂ ಹೆಚ್ಚು ಕೂಡಿತು. ಕಡಲಿನಿಂದ ದೂರದ ಊರಿನವರೂ ತಮ್ಮ ಪುಡಿಗಾಸಿನಿಂದ ಲೈಫ್‌ಬೋಟಿನ ಪಾಲುದಾರರಾದರು.

ಈಗ ರೈ ಹಾರ್ಬರಿಗೆ ಬರೋಣ. 1928ರ ನವೆಂಬರ್ 15. ನಸುಕಿನಲ್ಲಿ ಬಿರುಗಾಳಿ. ಲಾಟ್ವಿಯಾದ ‘ಅಲೀಸ್’ ಎಂಬ ಹಡಗು ಅಪಾಯದಲ್ಲಿದೆ ಎಂದು ಸುದ್ದಿ ಬಂತು. 17 ಮಂದಿ ‘ಮೇರಿ ಸ್ಟಾನ್‌ಫೋರ್ಡ್’ ಏರಿ ಹೊರಟರು. ಅವರು ಹೊರಟ ಸ್ವಲ್ಪ ಹೊತ್ತಿಗೇ ಇನ್ನೊಂದು ಸುದ್ದಿ: ‘ಅಲೀಸ್’ ಹಡಗಿನವರನ್ನು ಬೇರೊಂದು ಹಡಗು ಆಗಲೇ ಕಾಪಾಡಿದೆ. ಮರಳಿ ಬನ್ನಿ ಎಂದು ದಡದಿಂದ ಬೆಳಕಿನ ಸಂಜ್ಞೆ ಹಾರಿಸಿದರು. ಆ ಮಳೆ, ನೊರೆಯ ನಡುವೆ ಅದು ದೋಣಿಯವರಿಗೆ ಕಾಣಲಿಲ್ಲ. ಮರಳಿ ಬರುವಾಗ, ದಡ ಕಣ್ಣಳತೆಯಲ್ಲಿರುವಾಗಲೇ ದೋಣಿ ಮಗುಚಿತು. ಹದಿನೇಳು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಚುಕ್ಕಾಣಿ ಹಿಡಿದಿದ್ದ ಹರ್ಬರ್ಟ್ ಹೆಡ್ ಜೊತೆ ಅವರ ಇಬ್ಬರು ಗಂಡುಮಕ್ಕಳೂ ಹೋದರು. ಅಷ್ಟು ಸಣ್ಣ ಊರಿಗೆ ಹದಿನೇಳು ಸಾವು ಎಂದರೆ ದುಡಿಯುವ ಒಂದು ತಲೆಮಾರೇ ಹೋದಂತೆ. ಆ ದೋಣಿಮನೆಯಿಂದ ಮತ್ತೆಂದೂ ಲೈಫ್‌ಬೋಟ್ ಹೊರಡಲಿಲ್ಲ. ಚರ್ಚಿನ ಅಂಗಳದಲ್ಲಿರುವ ಸ್ಮಾರಕವನ್ನು ಕೊಟ್ಟವರು ಐಲ್ ಆಫ್ ಮ್ಯಾನ್ ಜನ, ಹಿಲರಿ ಬಾಳಿದ ದ್ವೀಪದವರು.

ಸತ್ತವರ ನೆನಪಿಗೆ ಕಲ್ಲು ನೆಟ್ಟರೆ ಅದು ನೆಟ್ಟಲ್ಲೇ ಇರುತ್ತದೆ. ದೋಣಿಗೆ ಬರೆಸಿದ ಹೆಸರು ಬೇರೆಯವರ ಕೈಗೆ ಹೋಗುತ್ತದೆ; ಅವರೊಂದಿಗೆ ಬಿರುಗಾಳಿಗೂ ಹೋಗುತ್ತದೆ. ಈ ಪದ್ಧತಿಯ ಹಿರಿಮೆಯೂ ಕಷ್ಟವೂ ಇದರಲ್ಲೇ ಇದೆ. ಒಂದು ಮನೆಯ ನೆನಪಾಗಿದ್ದ ‘ಮೇರಿ ಸ್ಟಾನ್‌ಫೋರ್ಡ್’ 1928ರ ನಂತರ ಹದಿನೇಳು ಮನೆಗಳ ದುಃಖದ ಹೆಸರಾಯಿತು. ಇಂಥ ಹೆಸರನ್ನು ಸಂಸ್ಥೆ ಮತ್ತೆ ಬಳಸದೆ ಬಿಟ್ಟಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಬಿಡಲಿಲ್ಲ. ಸ್ಟಾನ್‌ಫೋರ್ಡ್ ಅವರ ದತ್ತಿಯಿಂದಲೇ 1930ರಲ್ಲಿ ಇನ್ನೊಂದು ‘ಮೇರಿ ಸ್ಟಾನ್‌ಫೋರ್ಡ್’ ಸಿದ್ಧವಾಯಿತು. ಈ ಸಲ ಎಂಜಿನ್ ಇರುವ ದೋಣಿ. ಅದು ಹೋದದ್ದು ಐರ್ಲೆಂಡಿನ ಕಾರ್ಕ್ ಕೌಂಟಿಯ ಬ್ಯಾಲಿಕಾಟನ್ ಎಂಬ ಮೀನುಗಾರರ ಊರಿಗೆ. ಐರ್ಲೆಂಡ್ ಅಷ್ಟರಲ್ಲಿ ಬೇರೆ ದೇಶವಾಗಿತ್ತು. ಲೈಫ್‌ಬೋಟುಗಳ ಸಂಸ್ಥೆ ಮಾತ್ರ ಒಡೆಯಲಿಲ್ಲ.

1936ರ ಫೆಬ್ರವರಿಯಲ್ಲಿ, ಕಾರ್ಕ್ ಬಂದರಿನ ಹೊರಗೆ ಡಾಂಟ್ ಬಂಡೆಯ ಅಪಾಯ ಸೂಚಿಸುತ್ತಿದ್ದ ದೀಪನೌಕೆ ಚಂಡಮಾರುತಕ್ಕೆ ಸಿಕ್ಕಿ ಲಂಗರು ಕಡಿದುಕೊಂಡಿತು. ಅದರಲ್ಲಿ ಎಂಟು ಮಂದಿ. ನೆರವಿಗೆ ಬ್ಯಾಲಿಕಾಟನ್ನಿನ ‘ಮೇರಿ ಸ್ಟಾನ್‌ಫೋರ್ಡ್’ ಹೊರಟಿತು. ಆದರೆ ನೌಕೆಯವರು ಇಳಿದು ಬರಲು ಒಪ್ಪಲಿಲ್ಲ. ದೀಪವಿಲ್ಲದೆ ನೌಕೆ ತೇಲಿದರೆ ಬೇರೆ ಹಡಗುಗಳಿಗೆ ಅಪಾಯ ಎಂಬುದು ಅವರ ಕಾಳಜಿ. ಹೀಗಾಗಿ ಚುಕ್ಕಾಣಿಗ ಪ್ಯಾಟ್ರಿಕ್ ಸ್ಲೈನಿ ಮತ್ತು ಸಂಗಡಿಗರು ಅದರ ಪಕ್ಕದಲ್ಲೇ ಕಾದರು. ಮೂರು ದಿನಗಳಲ್ಲಿ ಅವರು 49 ಗಂಟೆ ಕಡಲಿನಲ್ಲೇ ಇದ್ದರು. ನಿದ್ದೆ ಮಾಡಿದ್ದು ಮೂರೇ ಗಂಟೆ. ಕೊನೆಗೆ ನೌಕೆ ಬಂಡೆಯತ್ತ ಸರಿಯತೊಡಗಿದಾಗ ಬೇರೆ ದಾರಿ ಉಳಿಯಲಿಲ್ಲ. ಹೊಯ್ದಾಡುವ ನೌಕೆಯ ಪಕ್ಕಕ್ಕೆ ಸ್ಲೈನಿ ಮತ್ತೆ ಮತ್ತೆ ದೋಣಿ ತಂದರು. ಪ್ರತಿ ಸಲವೂ ಕ್ಷಣಮಾತ್ರದ ಅವಕಾಶ, ಅಷ್ಟರಲ್ಲೇ ಮೇಲಿನವರು ಜಿಗಿಯಬೇಕು. ಕಡೆಯ ಇಬ್ಬರು ಕಂಬಿ ಬಿಡಲಾರದೆ ಹಿಡಿದುಕೊಂಡಿದ್ದರು. ದೋಣಿಯವರು ಅವರನ್ನು ಹಿಡಿದೆಳೆದು ತಂದರು. ಎಂಟು ಮಂದಿಯೂ ಬದುಕಿದರು. ಸ್ಲೈನಿಯವರಿಗೆ ಸಂಸ್ಥೆಯ ಚಿನ್ನದ ಪದಕ ಸಂದಿತು. ಸಂಗಡಿಗರಿಗೆಲ್ಲ ಬೆಳ್ಳಿ, ಕಂಚಿನ ಪದಕಗಳು. ಡಬ್ಲಿನ್ನಿನ ಹಡಗುಕಟ್ಟೆಯೊಂದರಲ್ಲಿ ಹಾಳುಬಿದ್ದಿದ್ದ ಆ ದೋಣಿಯನ್ನು ಬ್ಯಾಲಿಕಾಟನ್ ಜನ 2014ರಲ್ಲಿ ಊರಿಗೆ ಮರಳಿ ತಂದು ದುರಸ್ತಿ ಮಾಡಿದರು.

ಹೀಗೆ ದತ್ತಿಯಿಂದ ಹುಟ್ಟಿ ಬಿರುಗಾಳಿಗೆ ಹೋದ ದೋಣಿಗಳು ಇವೆರಡೇ ಅಲ್ಲ. ಇಂಗ್ಲೆಂಡಿನ ಕಾರ್ನ್‌ವಾಲಿನ ‘ಸಾಲಮನ್ ಬ್ರೌನ್’ ಲೈಫ್‌ಬೋಟಿನ ಹಿಂದೆಯೂ ಉಯಿಲೊಂದಿತ್ತು. ಅದರ ವೆಚ್ಚಕ್ಕೆ ಲಾನ್ಸ್‌ಟನ್ ಊರಿನ ಲಿಡಿಯಾ ಮೇರಿ ಡಯರ್ ಬ್ರೌನ್ ಬಿಟ್ಟುಹೋದ ಹಣ ಬಳಕೆಯಾಗಿತ್ತು. 1981ರ ಡಿಸೆಂಬರ್ 19ರ ರಾತ್ರಿ ‘ಯೂನಿಯನ್ ಸ್ಟಾರ್’ ಹಡಗಿನ ನೆರವಿಗೆ ಹೊರಟಾಗ ಚುಕ್ಕಾಣಿಗ ಟ್ರೆವೆಲ್ಯನ್ ರಿಚರ್ಡ್ಸ್ ಒಬ್ಬ ಯುವಕನನ್ನು ದಡದಲ್ಲೇ ಉಳಿಸಿದರು. ಅವನ ತಂದೆ ಆಗಲೇ ದೋಣಿಯಲ್ಲಿದ್ದರು, ಒಂದೇ ಮನೆಯ ಇಬ್ಬರು ಬೇಡ ಎಂದು. ನಾಲ್ವರನ್ನು ಹತ್ತಿಸಿಕೊಂಡಿದ್ದೇವೆ ಎಂಬ ಸಂದೇಶ ಬಂದ ಮೇಲೆ ರೇಡಿಯೊ ನಿಂತುಹೋಯಿತು. ದೋಣಿಯ ಎಂಟು ಮಂದಿ, ಹಡಗಿನ ಎಂಟು ಮಂದಿ, ಎಲ್ಲರೂ ತೀರಿಹೋದರು. ಒಂದೇ ದಿನದೊಳಗೆ ದೋಣಿಯವರ ಊರಾದ ಮೌಜಲ್‌ನಲ್ಲಿ ಹೊಸ ತಂಡಕ್ಕೆ ಬೇಕಾದಷ್ಟು ಜನ ಮುಂದೆ ಬಂದರು. ದಡದಲ್ಲಿ ಉಳಿದ ಆ ಯುವಕ ನೀಲ್ ಬ್ರಾಕ್‌ಮನ್ ಮುಂದೆ ಅದೇ ಕೇಂದ್ರದ ಚುಕ್ಕಾಣಿಗನಾದ.

ಇವತ್ತು ಶಾನನ್ ಮಾದರಿಯ ಒಂದು ಲೈಫ್‌ಬೋಟಿಗೆ ಇಪ್ಪತ್ತು ಲಕ್ಷ ಪೌಂಡ್‌ಗೂ ಹೆಚ್ಚು ಬೇಕು. ಒಂದು ಮನೆಯವರು ಇಡೀ ದೋಣಿ ಕೊಡುವುದು ಅಪರೂಪ. ಅದಕ್ಕೇ ಸಂಸ್ಥೆ ಇನ್ನೊಂದು ದಾರಿ ಮಾಡಿದೆ. ದೇಣಿಗೆ ಕೊಟ್ಟವರು ತಮ್ಮ ಅಗಲಿದವರ ಹೆಸರನ್ನು ತಿಳಿಸಿದರೆ, ದೋಣಿಯ ಪಕ್ಕದಲ್ಲಿರುವ ನೋಂದಣಿ ಸಂಖ್ಯೆಯ ದೊಡ್ಡ ಅಕ್ಷರಗಳ ಒಳಗೆ ಅದನ್ನು ಅಚ್ಚು ಮಾಡುತ್ತಾರೆ. ಒಂದೊಂದು ದೋಣಿಯಲ್ಲಿ ಸಾವಿರಾರು ಹೆಸರು. ಸ್ಟಾನ್‌ಫೋರ್ಡರ ಕಾಲದಲ್ಲಿ ಆಸ್ತಿಯಿದ್ದವರಿಗಷ್ಟೇ ಸಾಧ್ಯವಿದ್ದುದು ಈಗ ನಿವೃತ್ತ ದಾದಿಯ ಮಗಳಿಗೂ ಸಾಧ್ಯ. ಅಕ್ಷರಗಳು ಬಹಳ ಸಣ್ಣವು. ದೋಣಿ ದಡದಲ್ಲಿದ್ದಾಗ ಹತ್ತಿರ ಹೋಗಿ ಬೆರಳಿಟ್ಟು ಹುಡುಕಬೇಕು.